ಕಾಯುವುದು

ಸೇತುವೆಯ ಮೇಲೆ ನಲವತ್ತೇಳು ಕಾರು, ಎರಡು ಬಸ್ಸು,
ಆಮೇಲೆ ನಾನು.
ಕೆಳಗೆ ಪರಾನಾ, ಕೆಮ್ಮಣ್ಣು ಕುಡಿದ ಹೊಳೆ,
ಯಾವ ದೇಶದ್ದೆಂದು ಬಾಯಿಬಿಡದೆ ಹರಿಯುತ್ತದೆ.
ಆಚೆ ದಡ ಎನ್ಕಾರ್ನಸಿಯೋನ್, ಅಲ್ಲಿ ಎಲ್ಲ ಅಗ್ಗ.
ಈಚೆ ಪೊಸಾದಾಸ್, ಇಲ್ಲಿ ಮನೆ.

ಬಿಸ್ಕತ್ತಿನ ಡಬ್ಬಿಯಲ್ಲಿದ್ದ ಡಾಲರು ಈಗ ಪರ್ಸಿನಲ್ಲಿ.
ಮೂರು ಸಲ ಎಣಿಸಿದೆ. ಮೂರು ಸಲವೂ ಅಷ್ಟೇ.

ಮನೆಯ ಕಾರ್ಡಿಗೆ ಏಳು ತುಂಬಿತು.
ಎರಡು ಫ್ಯಾನಿನಲ್ಲಿ ಒಂದು
ರಾತ್ರಿ ಎರಡಾದರೆ ಸಾಕು, ನಿದ್ದೆಯಲ್ಲಿ ಹಲ್ಲು ಕಡಿಯುವ ಮಗು.
ನನ್ನ ಕೆಲಸ ಕಟ್ಟದ ಮನೆಗಳ ಚಿತ್ರ:
ಬರೈರೋ ನಕ್ಷೆ ಕಳಿಸುತ್ತಾರೆ,
ನಾನು ಅದಕ್ಕೆ ಸಂಜೆ ಐದರ ಬಿಸಿಲು ಹಾಕುತ್ತೇನೆ,
ಈಜುಕೊಳಕ್ಕೆ ಒಂದಿಷ್ಟು ಆಕಾಶ,
ಯಾರೂ ಕೂರದ ಕುರ್ಚಿಗೆ ಯಾರದೋ ಶಾಲು.
ಒಂದು ಚಿತ್ರಕ್ಕೆ ಹನ್ನೊಂದು ಗಂಟೆ.
ಚೌಕ ಚೌಕವಾಗಿ ಮೂಡುತ್ತದೆ,
ಮೊದಲು ಬಾಗಿಲು, ನಸುಕಿಗೆ ಹೊಸ್ತಿಲು.
ಅಲ್ಲಿಯವರೆಗೆ
ಕಾರ್ಡು ಕಾಯುತ್ತದೆ, ನಾನು ಕಾಯುತ್ತೇನೆ.
ಒಂದೇ ಮಾತು, ಸಂಕಟ ಬೇರೆ ಬೇರೆ.
ಅದರ ಬೆನ್ನು ಮುಟ್ಟಿದರೆ ಬೆರಳು ಚುರ್ರೆನ್ನುತ್ತದೆ.
ನನ್ನ ಬೆನ್ನು ಯಾರೂ ಮುಟ್ಟಿ ನೋಡಿಲ್ಲ.

ಶನಿವಾರ ಯಂತ್ರ ಮಗನದು.
ಆಟ ತಡವರಿಸಬಾರದೆಂದು ತಾದೆಯೊ
ಒಂದೊಂದೇ ಆರಿಸಿದ್ದಾನೆ:
ಹುಲ್ಲು ಬೇಡ. ನೀರಿನಲ್ಲಿ ಪ್ರತಿಬಿಂಬ ಬೇಡ.
ದೂರದ ಬೆಟ್ಟ ಬೇಡ. ನೆರಳು ಬೇಡ.
ಅವನ ಊರಿನವರೀಗ ದೇವತೆಗಳ ಹಾಗೆ,
ನೆರಳಿಲ್ಲ, ಎವೆಯಿಕ್ಕುವುದಿಲ್ಲ;
ಗುಂಡು ತಾಗಿದರೆ ಮಾತ್ರ
ಮನುಷ್ಯರಂತೆ ಮುಗ್ಗರಿಸುತ್ತಾರೆ.
"ಹೀಗೇ ಚೆನ್ನಾಗಿದೆ ಅಮ್ಮಾ, ಅಡಗಿದವರು ಬೇಗ ಕಾಣ್ತಾರೆ."
ನಿಜವೋ, ನನ್ನ ಸಮಾಧಾನಕ್ಕೋ.
ಹದಿನಾಲ್ಕಕ್ಕೇ ಇಷ್ಟು ನಯವಾಗಿ ಸುಳ್ಳು ಹೇಳಲು ಬಂದರೆ
ಹೆದರಿಕೆಯಾಗುತ್ತದೆ.

ಅಂಗಡಿಯ ಹಲೀಲ್ ಹೋದ ಬಾರಿ
ಗಾಜಿನ ಕಪಾಟಿನಿಂದ ಡಬ್ಬ ತೆಗೆದು
ಕೂಸನ್ನು ಕೊಡುವಂತೆ ಎರಡೂ ಕೈಯಲ್ಲಿ ಕೊಟ್ಟ.
ಆಮೇಲೆ ದನಿ ತಗ್ಗಿಸಿ,
"ಈಗ ಕೊಂಡರೆ ನನಗೆ ಲಾಭ, ಕಾದರೆ ನಿಮಗೆ.
ಸೆಪ್ಟೆಂಬರಿಗೆ ಹೊಸದು ಬರುತ್ತೆ, ಇದು ಇಳಿಯುತ್ತೆ."
ಅದರ ಹಿಂದಿನ ವರ್ಷವೂ ಅದೇ ಸೆಪ್ಟೆಂಬರು.
ಹೊಸದು ಬಂತು, ಹಳೆಯದು ಹಾಗೇ ಕೂತಿತು.
ಇಳಿದದ್ದು ನಮ್ಮ ಪೆಸೊ.
ಮಂಜುಗಡ್ಡೆ ಕೊಟ್ಟು ಮಂಜುಗಡ್ಡೆ ಕೊಳ್ಳುವ ಸಂತೆ ಇದು,
ಯಾರ ಕೈ ಮೊದಲು ಒದ್ದೆಯಾಯಿತು ಎಂಬುದಷ್ಟೇ ಲೆಕ್ಕ.

ನಾದಿನಿ ಓಲ್ಗಾ ಹೇಳುತ್ತಾಳೆ,
"ಇರುವುದು ಸಾಯಲಿ, ಆಮೇಲೆ ನೋಡಿದರಾಯಿತು."
ಮಂಡಿನೋವಿಗೂ ಹಾಗೇ ಅಂದಿದ್ದಳು.
ಈಗ ಕೋಲು.

ಕಾರುಗಳ ಸಂದಿಯಲ್ಲಿ ಚಿಪಾ ಮಾರುವ ಹುಡುಗಿ,
ತಲೆಯ ಮೇಲೆ ಬುಟ್ಟಿ, ಬುಟ್ಟಿಯ ಮೇಲೆ ಬಿಳಿ ಬಟ್ಟೆ.
ಒಂದು ಕೊಂಡೆ, ಬಿಸಿಯಿತ್ತು.
ಅಷ್ಟರಲ್ಲಿ ಬರೈರೋ ಸಂದೇಶ:
ಗಿರಾಕಿಗೆ ಗೋಡೆ ಬೇಡವಂತೆ, ಸುತ್ತಲೂ ಗಾಜು. ಸೋಮವಾರಕ್ಕೆ.

ಗಾಜು! ಅವರಿಗೇನು ಗೊತ್ತು,
ಒಂದು ಕಿರಣ ಒಳಹೊಕ್ಕು, ಮುರಿದು, ಹಿಂತಿರುಗಿ
ಇನ್ನೊಂದು ಗಾಜಿಗೆ ತನ್ನ ಕಥೆ ಹೇಳಿ
ಅದು ಮತ್ತೊಂದಕ್ಕೆ ಚಾಡಿ ಹೇಳಿ...
ಇಪ್ಪತ್ತಾರು ಗಂಟೆ. ಫ್ಯಾನು ಬದುಕಿದ್ದರೆ.

ಬರೀ ಫ್ಯಾನು ಕೊಂಡರೆ? ಎಂಟು ಡಾಲರಿಗೆ ಸಿಗಬಹುದು.
ಅದನ್ನೇ ಕೇಳುತ್ತೇನೆ ಮೊದಲು, ಕಪಾಟಿನ ಕಡೆ ನೋಡದೆ.
ನೋಡದೆ ಇರುವುದು ಹೇಗೆ, ಅದೂ ಗಾಜೇ.

ಹನ್ನೆರಡೂ ಐವತ್ತು. ಸೂರ್ಯ ನೆತ್ತಿಯ ಮೇಲೆ.
ಕಂಬಕ್ಕಿಲ್ಲ, ಕಾರಿಗಿಲ್ಲ, ಚಿಪಾ ಹುಡುಗಿಗೂ ಇಲ್ಲ:
ಈ ಹೊತ್ತಿನಲ್ಲಿ ಅವನೂ ಉಳಿತಾಯಕ್ಕೆಂದು
ನೆರಳು ಆರಿಸಿಬಿಟ್ಟಿದ್ದಾನೆ.
ಒಂದೂವರೆಗೆ ಹಲೀಲ್ ಮಧ್ಯಾಹ್ನದ ನಿದ್ದೆಗೆ ಬಾಗಿಲು ಹಾಕುತ್ತಾನೆ.
ಸೇತುವೆಯ ಮೇಲೆ ಹಿಂದಕ್ಕೆ ತಿರುಗಿಸುವಂತಿಲ್ಲ.
ಎಂಜಿನ್ ಕಾದು ಮುಳ್ಳು ಕೆಂಪಿಗೆ ಹತ್ತುತ್ತಿದೆ.

ಮುಂದಿನ ಕಾರು ಒಂದು ಗೇಣು ಸರಿಯಿತು.
ನಾನೂ ಒಂದು ಗೇಣು.